ಯಾವ ಗಾಡಿಯದೂ ಅಲ್ಲದ ಸೀಟು

ಹೊಸ ರೆಕ್ಸಿನ್ನಿನ ವಾಸನೆ ಬಂದರೆ ಬೇರೆಯವರಿಗೆ ಹೊಸ ಬಸ್ಸು ನೆನಪಾಗಬಹುದು. ನನಗೆ ಬಾಣಂತನ ನೆನಪಾಗುತ್ತದೆ. ಕಳೆದ ವಾರ ಯಲ್ಲಾಪುರದ ಹೆದ್ದಾರಿ ಬದಿಯಲ್ಲಿ, ಲಾರಿ ಸೀಟು ಹೊಲಿಯುವ ಒಂದು ಅಂಗಡಿಯ ಮುಂದೆ ಹಳೆಯ ದಿಂಬು ಹಿಡಿದು ನಿಂತಿದ್ದಾಗ ಆ ವಾಸನೆ ಬಂತು. ನಮ್ಮ ಕಾಲೇಜಿನ ಕಿರಿಯ ಸಹೋದ್ಯೋಗಿಗೆ ಹೆರಿಗೆಯಾಗಿದೆ. ದಿಂಬನ್ನು ಅವಳಿಗೆ ಕೊಡುವ ಮೊದಲು ಒಳಗಿನ ಫೋಮ್ ಬದಲಿಸಬೇಕಿತ್ತು...

ಅದನ್ನು ಹೊಲಿದವರು, ನನ್ನ ಬಾಣಂತನದ ಕಾಲಕ್ಕೆ ಇದೇ ಊರಲ್ಲಿ ನಾವು ಬಾಡಿಗೆಗಿದ್ದ ಮನೆಯ ಕೆಳಗೆ ಸೀಟಿನಂಗಡಿ ಇಟ್ಟಿದ್ದ ಹೆಂಗಸು. ಎಲ್ಲರಿಗೂ ಅವರು ಮಾವಶಿ, ಅಂದರೆ ಚಿಕ್ಕಮ್ಮ. ಕಲಘಟಗಿ ಕಡೆಯವರು. ಗಂಡ ತೀರಿಕೊಂಡ ಮೇಲೆ ಮಷೀನನ್ನು ತಾವೇ ತುಳಿಯುತ್ತಿದ್ದರು. ಡ್ರೈವರುಗಳು ಅವಸರ ಮಾಡಿದರೆ, "ಕುಂದರೂದು ನೀನು, ಹೊಲಿಯೂದು ನಾನು. ಸುಮ್ಮ ನಿಂದರು" ಎನ್ನುವ ಅವರ ದನಿ ನಮ್ಮ ಮಹಡಿಗೂ ಕೇಳುತ್ತಿತ್ತು. ಪಾಠ ಹೇಳುವವಳೆಂದು ನನ್ನನ್ನು ಅಕ್ಕೋರ ಎಂದು ಕರೆಯುತ್ತಿದ್ದರು. ಮೆಟ್ಟಿಲ ಬುಡದಲ್ಲಿ ಎದುರಾದರೆ ನಾನು ನಕ್ಕು ಮೇಲೆ ಹೋಗುತ್ತಿದ್ದೆ. ನಮ್ಮಿಬ್ಬರ ಪರಿಚಯ ಅಷ್ಟೇ ಇತ್ತು.

ಮಗಳು ಹುಟ್ಟಿದಾಗ ಅಮ್ಮ ಬಾಣಂತನಕ್ಕೆ ನಮ್ಮಲ್ಲಿಗೇ ಬಂದಿದ್ದಳು. ಕೂಸು ಎದೆಗೆ ಬಾಯಿ ಹಚ್ಚುತ್ತಿತ್ತು, ಎರಡು ಗುಟುಕು ಎಳೆದು ಬಿಡುತ್ತಿತ್ತು, ಮತ್ತೆ ತಡಕಾಡಿ ತುದಿಯನ್ನಷ್ಟೇ ಕಚ್ಚುತ್ತಿತ್ತು. ತೊಟ್ಟು ಒಡೆದು ರಕ್ತ ಬರುತ್ತಿತ್ತು. ಅದು ಹಸಿದು ಅತ್ತರೆ ನನಗೆ ಹೆದರಿಕೆಯಾಗುತ್ತಿತ್ತು. ನೋವು ತಾಳಲಾಗುತ್ತಿಲ್ಲ ಎಂದು ಒಮ್ಮೆ ಹೇಳಿದ್ದಕ್ಕೆ, "ಎಲ್ಲರಿಗೂ ಹಾಂಗೇ ಆಗ್ತು, ತಡ್ಕಳವು" ಎಂದಳು ಅಮ್ಮ. ನಾನು ಮತ್ತೆ ಆ ಮಾತೆತ್ತಲಿಲ್ಲ. ಗೋಡೆಗೆ ಮುಖ ಮಾಡಿ ಕೂತು ಕುಡಿಸುತ್ತಿದ್ದೆ. ಕಪಾಟಿನಲ್ಲಿ ಹಾಲಿನ ಪುಡಿಯ ಡಬ್ಬಿ ತಂದಿಟ್ಟದ್ದಾಗಿತ್ತು. ಇನ್ನು ಎದೆಗೆ ಹಚ್ಚುವುದನ್ನೇ ಬಿಟ್ಟುಬಿಡುವುದೆಂದು ಒಳಗೊಳಗೇ ಗಟ್ಟಿಮಾಡಿಕೊಂಡಿದ್ದೆ. ಬಿಡುವ ಮನಸ್ಸು ಮಾತ್ರ ಇರಲಿಲ್ಲ.

ಅಂಥ ಒಂದು ಮಧ್ಯಾಹ್ನ ಮಾವಶಿ ಬಾಣಂತಿಯರಿಗೆ ಕೊಡುವ ಅಂಟಿನುಂಡಿಯ ಡಬ್ಬ ಹಿಡಿದು ಮೇಲೆ ಬಂದರು. ಕೂಸಿನ ಮುಖ ನೋಡುವ ಮೊದಲೇ ಅವರ ಕಣ್ಣು ಹಾಲು ಕುಡಿಸುತ್ತ ಕೂತಿದ್ದ ನನ್ನ ಪಾದಗಳ ಮೇಲೆ ಹೋಯಿತು.

"ಕಾಲಬೆರಳು ಯಾಕ ಹಂಗ ಮುದುರಿ ಹಿಡದೀರಿ ಅಕ್ಕೋರ? ನೋವಾಕ್ಕೈತೇನು?"

"ಇಲ್ಲ."

"ನಾನೂ ಹಂಗ ಅಂತಿದ್ದೆ. ಅತ್ತಿ ಮುಂದ ಇಲ್ಲ ಅನ್ನೂದು, ಬಾವಿಕಟ್ಟಿಗೆ ಹೋಗಿ ಅಳೂದು."

ಅವರು ಅಲ್ಲೇ ನೆಲದ ಮೇಲೆ ಕೂತರು. ನನಗೆ ಅಳು ಬಂತು. ಬಾಗಿಲಲ್ಲಿ ಬಟ್ಟೆ ಮಡಿಸುತ್ತಿದ್ದ ಅಮ್ಮನ ಕೈ ನಿಂತಿತು.

ಮರುದಿನ ಮಾವಶಿ ಒಂದು ದಿಂಬು ತಂದರು. ಲಾರಿ ಸೀಟಿನ ಫೋಮು, ಮೇಲೆ ಕಂದು ರೆಕ್ಸಿನ್. ನಾನು ಬಗ್ಗಿ ಬಗ್ಗಿ ಬೆನ್ನು ನೋಯಿಸಿಕೊಳ್ಳುವುದನ್ನು ನೋಡಿ ಹೋಗಿದ್ದರು. ಅಮ್ಮ ಆಗಷ್ಟೇ ಕೂಸಿಗೆ ಎಣ್ಣೆ ಹಚ್ಚಿದ್ದಳು. ದಿಂಬಿನ ಮೇಲೆ ಮಲಗಿಸಿದ್ದೇ ತಡ, ಕೂಸು ಸರ್ರನೆ ಜಾರಿ ನನ್ನ ಮೊಣಕೈಗೆ ಬಂತು. ಮತ್ತೆ ಮಲಗಿಸಿದೆವು, ಮತ್ತೆ ಜಾರಿತು.

"ಲೋಡ್ ನಿಂದ್ರವಲ್ದು, ಹಗ್ಗ ಕಟ್ಟಬೇಕೇನ್ರಿ" ಎಂದು ಮಾವಶಿ ನಕ್ಕರು. ಅಮ್ಮನೂ ನಕ್ಕಳು. ನಾನೂ ನಕ್ಕೆ... ಆ ಮನೆಯಲ್ಲಿ ಎಷ್ಟೋ ದಿನಗಳ ಮೇಲೆ.

ಮಾವಶಿ ರೆಕ್ಸಿನ್ ಬಿಚ್ಚಿ ಅಮ್ಮನ ಹಳೆಯ ನೂಲಿನ ಸೀರೆಯ ಹೊದಿಕೆ ಹೊಲಿದು ತಂದರು. ಆದರೂ ಕೂಸು ಎದೆ ಬಿಡುವುದು ನಿಲ್ಲಲಿಲ್ಲ. "ನನಗ ಸೀಟಿಂದು ಗೊತ್ತು, ಬಾಯಿಂದು ಗೊತ್ತಿಲ್ಲ. ಗೊತ್ತಿದ್ದೋರ ಕಡೆ ಹೋಗೂಣ, ನಡೀರಿ" ಎಂದು ಅಂಗಡಿಗೆ ಅಡ್ಡಹಲಗೆ ಇಟ್ಟು ಆಸ್ಪತ್ರೆಗೆ ಹೊರಡಿಸಿದರು. ನಾನೊಬ್ಬಳೇ ಆಗಿದ್ದರೆ ಹೋಗುತ್ತಿರಲಿಲ್ಲ. ಅಲ್ಲಿನ ನರ್ಸ್, ಕೂಸಿನ ಹೊಟ್ಟೆ ನನ್ನ ಹೊಟ್ಟೆಗೆ ತಾಗುವಂತೆ ತಿರುಗಿಸಿ ಹಿಡಿಯಲು, ಅದು ಬಾಯಿ ದೊಡ್ಡದಾಗಿ ತೆರೆಯುವ ತನಕ ಕಾಯಲು, ನಾನು ಬಗ್ಗದೆ ಅದನ್ನೇ ಎದೆಗೆ ತಂದುಕೊಳ್ಳಲು ಹೇಳಿಕೊಟ್ಟರು. ಮಾವಶಿ ಪಕ್ಕದಲ್ಲಿ ದಿಂಬು ಹಿಡಿದು ನಿಂತಿದ್ದರು.

ಒಂದೇ ದಿನಕ್ಕೆ ಏನೂ ಸರಿಹೋಗಲಿಲ್ಲ. ಗಾಯ ಮೆಲ್ಲಗೆ ಮಾಯಿತು. ಕೆಲವು ದಿನಗಳ ಮೇಲೆ ಮಾವಶಿ ಮೇಲೆ ಬಂದಾಗ ಕೂಸು ಕುಡಿಯುತ್ತಿತ್ತು. ಈ ಸಲವೂ ಮೊದಲು ನೋಡಿದ್ದು ನನ್ನ ಪಾದವನ್ನೇ.

"ಬೆರಳು ಬಿಚ್ಯಾವ" ಎಂದು ಹೇಳಿ, ಕೂರದೆ, ಕೆಳಗಿಳಿದು ಹೋದರು.

ಆಮೇಲೆ ನಮಗೆ ಶಿರಸಿಗೆ ವರ್ಗವಾಯಿತು. ಯಲ್ಲಾಪುರದ ಮೇಲೆ ಹೋಗುವಾಗಲೆಲ್ಲ ಇಳಿದು ಮಾತಾಡಿಸಬೇಕು ಎಂದುಕೊಳ್ಳುತ್ತಿದ್ದೆ... ಅವರು ಹೋದ ಸುದ್ದಿ ತಲುಪುವಾಗ ಎಲ್ಲ ಮುಗಿದಿತ್ತು. ಆ ಅಂಗಡಿಯಲ್ಲಿ ಈಗ ಮೊಬೈಲ್ ಮಾರುತ್ತಾರೆ. ಹಾಗಾಗಿ ದಿಂಬನ್ನು ಬೇರೆ ಅಂಗಡಿಗೆ ಒಯ್ಯಬೇಕಾಯಿತು.

ಅಂಗಡಿಯವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಇದು ಯಾವ ಗಾಡಿ ಸೀಟು ಮೇಡಂ?"

"ಗಾಡಿದಲ್ಲ. ಕೂಸಿಗೆ ಹಾಲು ಕುಡಿಸುವಾಗ ಮಡಿಲಲ್ಲಿ ಇಟ್ಟುಕೊಳ್ಳೋದು" ಎಂದೆ. ಪಕ್ಕದಲ್ಲಿ ಇಬ್ಬರು ಡ್ರೈವರುಗಳು ನಿಂತಿದ್ದರು. ನನ್ನ ದನಿ ತಗ್ಗಲಿಲ್ಲ.

"ಮೇಲೆ ರೆಕ್ಸಿನ್ ಹಾಕ್ಲಾ? ಬಾಳಿಕೆ ಬರ್ತದೆ."

"ಬೇಡ. ಕೂಸು ಜಾರ್ತದೆ."

ಅವನು ತಲೆಯಾಡಿಸಿ ಅಳತೆ ತೆಗೆದುಕೊಂಡ. ಆ ಮಾತಿಗೆ ನಗಬೇಕಾದವರು ಅಲ್ಲಿರಲಿಲ್ಲ.