ಸೂಜಿಯಕ್ಕನ ಕೈಯಲ್ಲಿ ತಲೆಬುರುಡೆ

ಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಕಲ್ಲಿನಿಂದ ಪಳೆಯುಳಿಕೆಯ ಎಲುಬು ಬಿಡಿಸುವ ಕೆಲಸ ಅವಳದು. ಮೊದಲು ಬಟ್ಟೆ ಹೊಲಿಯುತ್ತಿದ್ದವಳು, ಹತ್ತೊಂಬತ್ತು ವರ್ಷದಿಂದ ಸೂಕ್ಷ್ಮದರ್ಶಕದ ಕೆಳಗೆ ಸೂಜಿ ಹಿಡಿದು ಕಲ್ಲು ಕೆರೆಯುತ್ತಿದ್ದಳು. ಎಲ್ಲರಿಗೂ ಅವಳು ಸೂಜಿಯಕ್ಕ. ಆರು ತಿಂಗಳಿಂದ ಅವಳ ಬಲಗೈ ಆಗಾಗ ನಡುಗುತ್ತಿತ್ತು. ಅದೇ ಕೋಣೆಯಲ್ಲಿ ಅಂಟು, ಅಚ್ಚು ನೋಡಿಕೊಳ್ಳುತ್ತಿದ್ದ ಒಡಹುಟ್ಟಿದ ತಂಗಿಯೊಬ್ಬಳಿಗೇ ಅದು ಗೊತ್ತು.

ಆ ಬೆಳಿಗ್ಗೆ ಮೇಜಿನ ಮೇಲಿದ್ದುದು ನಿಂಬೆಹಣ್ಣಿನಷ್ಟು ತಲೆಬುರುಡೆ. ಕೋಟ್ಯಂತರ ವರ್ಷಗಳ ಹಿಂದೆ ನೆಲದ ಮೇಲೆ ಓಡಾಡಿಕೊಂಡಿದ್ದ, ಬೆಕ್ಕಿನ ಗಾತ್ರದ ಸರೀಸೃಪದ್ದು.

"ಇದಕ್ಕೆ ರೆಕ್ಕೆ ಇರ್ಲಿಲ್ಲ. ಆದ್ರೂ ಮೊದಮೊದಲು ಹಾರಿದ ಸರೀಸೃಪಗಳಿಗೆ ಇದು ದಾಯಾದಿ. ಅದಕ್ಕೆ ಸಾಕ್ಷಿ ಒಳಗಿವಿಯಲ್ಲಿ ಸಿಗ್ಬೇಕು," ಎಂದಿದ್ದರು ಅದರ ಅಧ್ಯಯನ ಮಾಡುತ್ತಿದ್ದ ಪ್ರೊಫೆಸರು.

"ದಾಯಾದಿ ಅಂದ್ಮೇಲೆ ಕಲ್ಲೊಳಗೂ ನೆಮ್ಮದಿ ಇರಲ್ಲ ಬಿಡಿ," ಎಂದು ತಂಗಿ ನಕ್ಕಿದ್ದಳು.

ಒಳಗಿವಿ ನೋಡಲು ಮಧ್ಯಾಹ್ನ ಸ್ಕ್ಯಾನ್ ಆಗಬೇಕಿತ್ತು. ಕಲ್ಲಿನ ಕೊನೆಯ ಪೊರೆ ಕೀಳುವಾಗ ಕೈ ನಡುಗಿತು. ಸೂಜಿ ಜಾರಿತು. ಕೂದಲೆಳೆಯಂಥ ಬಿರುಕು ದವಡೆಯಿಂದ ಕಿವಿಯ ಕಡೆಗೆ ಓಡಿತು. ಅವಳು ಸೂಜಿ ಬಿಟ್ಟು ಬುರುಡೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು.

"ತೆಳು ಅಂಟು ತಾರೇ! ಓಡಬೇಡ, ಮೇಜು ಅಲ್ಲಾಡುತ್ತೆ."

ತಂಗಿ ಹನಿಹನಿಯಾಗಿ ಅಂಟು ಬಿಟ್ಟಳು. ಅದು ಕಚ್ಚಿಕೊಳ್ಳಲು ನಲವತ್ತು ನಿಮಿಷ ಬೇಕು. ಹತ್ತನೆಯ ನಿಮಿಷಕ್ಕೆ ಹೆಬ್ಬೆರಳು ಮರಗಟ್ಟಿತು. ಇಪ್ಪತ್ತಕ್ಕೆ ಬಲಗೈ ಮತ್ತೆ ಅದುರತೊಡಗಿತು.

"ಅಕ್ಕಾ, ನಾನು ಹಿಡೀಲಾ?"

"ಕೈ ಬದಲಾಯಿಸಿದ್ರೆ ಮುಗೀತು. ನನ್ನ ಮಣಿಕಟ್ಟು ಅದುಮಿ ಹಿಡ್ಕೊ."

ತಂಗಿ ಹಿಂದಿನಿಂದ ಬಾಗಿ ಅಕ್ಕನ ಮಣಿಕಟ್ಟನ್ನು ಮೇಜಿಗೆ ಒತ್ತಿದಳು. ಪ್ರೊಫೆಸರು ಒಳಬಂದದ್ದು ಆಗಲೇ.

"ಏನಾಯ್ತು?"

"ಕಲ್ಲು ಮೊದಲೇ ಬಿರುಕು ಬಿಟ್ಟಿತ್ತು ಸರ್..." ಎಂದಳು ತಂಗಿ.

"ಸುಳ್ಳು ಹೇಳ್ಬೇಡ ಕಣೇ," ಎಂದಳು ಸೂಜಿಯಕ್ಕ. "ನನ್ನ ಕೈ ನಡುಗ್ತು ಸರ್. ಆರು ತಿಂಗಳಿಂದ ನಡುಗ್ತಿದೆ. ಮುಚ್ಚಿಟ್ಟಿದ್ದೆ."

ಅವರ ಮುಖ ಕೆಂಪೇರಿತು. "ಇದನ್ನ ಈಗ ಹೇಳ್ತಿದೀರಾ?" ಎಂದರು. ನಿಂತಲ್ಲೇ ಗಡಿಯಾರ ನೋಡತೊಡಗಿದರು.

ನಲವತ್ತರ ಮೇಲೆ ಇನ್ನೂ ಐದು ನಿಮಿಷ ಬಿಟ್ಟು ಅವಳು ಒಂದೊಂದೇ ಬೆರಳು ಸಡಿಲಿಸಿದಳು. ಎರಡು ಹಲ್ಲು ಪುಡಿಯಾಗಿದ್ದವು. ಕಿವಿ ಉಳಿದಿತ್ತು.

ಸ್ಕ್ಯಾನ್‌ನಲ್ಲಿ, ಮೈಯ ಸಮತೋಲ ಕಾಯುವ ಒಳಗಿವಿಯ ಕೊಳವೆಗಳು ಹಾರುವ ದಾಯಾದಿಗಳಲ್ಲಿದ್ದಂತೆಯೇ ದೊಡ್ಡದಾಗಿ ಬಾಗಿದ್ದುದು ಕಂಡಿತು. ಪ್ರೊಫೆಸರು ಅವಳನ್ನು ಕರೆದು ಚಿತ್ರ ತೋರಿಸಿದರು, ಹೊಗಳಲಿಲ್ಲ. "ಮೊದಲು ಕೈ ತೋರಿಸ್ಕೊಂಡು ಬನ್ನಿ," ಎಂದರಷ್ಟೇ.

ವೈದ್ಯರು ಸೂಕ್ಷ್ಮದ ಕೆಲಸ ಬೇಡವೆಂದರು. ಎರಡು ದಿನ ಅವಳು ಊಟ ಬಿಟ್ಟು ಅತ್ತಳು. ಮೂರನೆಯ ದಿನ ನೆಲಮಾಳಿಗೆಗೆ ಬಂದು, ತಂಗಿಯನ್ನು ತನ್ನ ಕುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲಿ ಸ್ಟೂಲು ಎಳೆದುಕೊಂಡಳು.

"ಅಲ್ಲಲ್ಲ ಕಣೇ, ಅದು ಎಲುಬು. ಸ್ವಲ್ಪ ಎಡಕ್ಕೆ ಬಾ."