ಮುಖ ನೋಡಿ ಮಾತಾಡುವ ಪಾಠ

ಸಂಜೆಯೊಳಗೆ ನಾಯಕತ್ವ ತರಬೇತಿಯ ವಿಡಿಯೋ ನೋಡಿ ಮುಗಿಸದವರಿಗೆ ನೋಟಿಸ್ ಎಂದು ಮೇಲಿನವರ ಹುಕುಂ ಬಂದಿತ್ತು. ಜೋಯಿಡಾ ಕಡೆಯ ನಮ್ಮ ಸಣ್ಣ ಆಸ್ಪತ್ರೆಯಲ್ಲಿ ನೆಟ್‌ವರ್ಕ್ ಸಿಗುವುದು ನನ್ನ ಫಿಸಿಯೋಥೆರಪಿ ಕೋಣೆಯ ಕಿಟಕಿಯಲ್ಲಷ್ಟೇ. ಗಡುವಿಗೆ ಸ್ವಲ್ಪವೇ ಹೊತ್ತು ಉಳಿದಿದ್ದಾಗ ಮೊಬೈಲನ್ನು ಅಲ್ಲಿ ಒರಗಿಸಿಟ್ಟು ಕೂತೆ.

ಆಗಲೇ ಉಳವಿ ಕಡೆಯ ಮುದುಕಿಯೊಬ್ಬರು ಮೊಣಕಾಲು ನೋವೆಂದು ಬಂದರು. ನಾನು ಅವರತ್ತ ತಿರುಗಿದ್ದೇ ತಡ, ವಿಡಿಯೋ ನಿಂತಿತು. ‘ನಿಮ್ಮ ಗಮನ ಪಾಠದ ಮೇಲಿಲ್ಲ’ ಎಂದು ತೋರಿಸಿ ಮತ್ತೆ ಮೊದಲಿನಿಂದ ಶುರುವಾಯಿತು. ಮೊಬೈಲಿನ ಕ್ಯಾಮೆರಾ ನನ್ನ ಕಣ್ಣನ್ನೇ ಕಾಯುತ್ತಿತ್ತಂತೆ! ಪಾಠವಾದರೂ ಯಾವುದು? ‘ರೋಗಿಯ ಮುಖ ನೋಡಿ ಮಾತಾಡುವವನೇ ನಾಯಕ.’ ಮತ್ತೆ ತಿರುಗಿದೆ, ಮತ್ತೆ ಮೊದಲಿನಿಂದ. ಮೈಯೆಲ್ಲ ಉರಿದುಹೋಯಿತು.

“ಸಿಟ್ಟಾಗೀರೇನ್ರಿ ಡಾಕ್ಟರ್ರ? ನಾಳೆ ಬರ್ಲೇನು?” ಎಂದರು ಮುದುಕಿ.

“ನಿಮ್ಮ ಮ್ಯಾಲಲ್ಲ ಆಯಿ, ಈ ಡಬ್ಬಿ ಮ್ಯಾಲ. ಕೂಡ್ರಿ.”

ನಾಳೆ ಬರಲು ಅವರು ಅದೇ ಕಾಲೆಳೆದುಕೊಂಡು ಮತ್ತೆ ಬಸ್ಸು ಹತ್ತಬೇಕಲ್ಲ. ಕಣ್ಣನ್ನು ಮೊಬೈಲಿಗೆ ಕೊಟ್ಟು, ಕೈಯಂದಾಜಿನಲ್ಲೇ ಅವರ ಕಾಲು ಮಡಿಸಿ ಚಾಚಿಸಿದೆ. “ನೋವಾಗ್ತೈತೇನ್ರಿ?” ಎಂದು ಕೇಳಿದ್ದೂ ಮೊಬೈಲನ್ನೇ ನೋಡುತ್ತ.

“ಆಗಿಂದ ಹಲ್ಲು ಕಚ್ಚಿ ಕುಂತೇನ್ರಿ. ನನ್ನ ಮುಖ ನೋಡಿದ್ರ ತಿಳೀತಿತ್ತಲ್ಲ!” ಎಂದರು.

ಪ್ರಮಾಣಪತ್ರ ಬಂದಿದೆ. ರೋಗಿಯ ಮುಖ ನೋಡುವುದರಲ್ಲಿ ನನಗೆ ನೂರಕ್ಕೆ ನೂರು.