ಮುಳುಗಿದ ಹೊಲದಲ್ಲಿ ಕೊರಮೀನು

ಕೆರೆಯೊಳಗೆ ಕಾಲು ಎತ್ತಿ ಇಡಬಾರದು, ಎಳೆದು ಇಡಬೇಕು. ಎತ್ತಿಟ್ಟರೆ ಕೆಸರು ಏಳುತ್ತದೆ, ಕೊರಮೀನು ಓಡುತ್ತದೆ. ಈಟಿಯನ್ನು ಮೀನು ಕಂಡ ಜಾಗಕ್ಕೆ ಹೊಡೆಯಬಾರದು, ಒಂದು ಗೇಣು ಕೆಳಕ್ಕೆ ಹೊಡೆಯಬೇಕು. ಇದನ್ನೆಲ್ಲ ನನಗೆ ಕಲಿಸಿದವರು ಭಾವ, ನನ್ನ ಅಕ್ಕನ ಗಂಡ. ಅವರೂ ಕಲಿತು ಎರಡೇ ವರ್ಷವಾಗಿತ್ತು. ಅದಕ್ಕೆ ಮೊದಲು ನಮ್ಮ ಕೆರೆಯಲ್ಲಿ ನೀರೇ ಇರಲಿಲ್ಲ.

ಶ್ರೀನಿವಾಸಪುರದ ಕಡೆಯ ನಮ್ಮ ಊರಿನಲ್ಲಿ ನನ್ನ ವಯಸ್ಸಿನವರು ಕೆರೆ ಎಂದರೆ ಹೊಲ ಎಂದೇ ತಿಳಿದು ಬೆಳೆದವರು. ಒಣಗಿದ ಕೆರೆಯಂಗಳದಲ್ಲಿ ಮನೆಗೊಂದು ಪಟ್ಟಿ ಹಿಡಿದು ಬದ ಕಟ್ಟಿ ರಾಗಿ, ಸೌತೆ ಬೆಳೆಯುತ್ತಿದ್ದೆವು. ನನ್ನ ಪಟ್ಟಿ, ಪಕ್ಕದಲ್ಲೇ ಭಾವನ ಪಟ್ಟಿ. ಈಜು ಯಾರಿಗೂ ಬರುವುದಿಲ್ಲ. ಎಲ್ಲಿ ಕಲಿಯಬೇಕಿತ್ತು ಹೇಳಿ, ರಾಗಿ ಹೊಲದಲ್ಲಾ?

ಆಮೇಲೆ ಕೆರೆಗೆ ಪೈಪಿನಲ್ಲಿ ನೀರು ಬಿಡುತ್ತಾರಂತೆ ಎಂಬ ಸುದ್ದಿ ಬಂತು. ಊರಿಗೆ ಊರೇ ಕೆರೆ ಗೋಡು ಹೊಡೆಯಲು ಬಿತ್ತು. ಆ ಕಪ್ಪು ಮಣ್ಣು ತೋಟಕ್ಕೆ ಬಂಗಾರ. ಅವರವರ ಪಟ್ಟಿಯಿಂದ ಮೊಣಕಾಲುದ್ದ ಮಾತ್ರ ಕೆರೆಯಬೇಕು, ಅದು ರೂಢಿ. ನನ್ನ ಪಟ್ಟಿಯಲ್ಲಿ ಗೋಡು ತೆಳ್ಳಗಿತ್ತು, ಒಂದೇ ದಿನಕ್ಕೆ ಗರಸು ಕಂಡಿತು. ಭಾವನ ಪಟ್ಟಿಯಲ್ಲಿ ಅಗೆದಷ್ಟೂ ಕಪ್ಪು. ನನಗೆ ಹೊಟ್ಟೆ ಉರಿಯಿತು, ಮುಚ್ಚಿಡುವುದೇನು? ಅಕ್ಕ ಭಾವ ಆಗ ಮಗಳ ಬಾಣಂತನಕ್ಕೆ ಮುಳಬಾಗಿಲಿಗೆ ಹೋಗಿದ್ದರು. ಜೆಸಿಬಿಯವನು "ಇದು ಯಾರ್ದಣ್ಣ?" ಅಂದ. "ನಮ್ದೇ, ತೆಗಿ" ಅಂದೆ. ಎರಡಾಳು ಆಳ ತೆಗೆಸಿದೆ. ಮಣ್ಣೆಲ್ಲ ನನ್ನ ಹಿಪ್ಪುನೇರಳೆ ತೋಟ ಸೇರಿತು. ಅವರು ಬಂದ ಮೇಲೆ ಹೇಳಿದರಾಯಿತು ಅಂದುಕೊಂಡೆ. ಅವರು ಬರುವ ಮೊದಲೇ ನೀರು ಬಂತು, ಗುಂಡಿ ಮುಚ್ಚಿಹೋಯಿತು, ನಾನು ಬಾಯಿ ಮುಚ್ಚಿಕೊಂಡೆ.

ಆದರೆ ಅಕ್ಕ ಎಮ್ಮೆ ತೊಳೆಯಲು ದಿನಾ ಸಂಜೆ ಅದೇ ಕಡೆ ನೀರಿಗೆ ಇಳಿಯತೊಡಗಿದಳು. ತಮ್ಮ ಹೊಲ, ಕಾಲಿಗೆ ಗೊತ್ತಿರುವ ನೆಲ ಎಂಬ ಧೈರ್ಯ ಅವಳಿಗೆ. ಕಡಿದ ಜಾಲಿಮರದ ಮೋಟೊಂದು ಅಲ್ಲಿ ನೀರಿನಿಂದ ತಲೆ ಎತ್ತಿ ನಿಂತಿತ್ತು. ಗುಂಡಿ ಅದರ ಆಚೆ. ಅವಳು ಮೋಟಿನ ಈಚೆಗೇ ಇರುತ್ತಿದ್ದಳು. ನಾನು ದಿನಾ ಕಟ್ಟೆಯ ಮೇಲೆ ಹೋಗಿ ನಿಂತು ನೋಡುತ್ತಿದ್ದೆ. ಮೋಟು ದಾಟಿದರೆ ಕೂಗುತ್ತೇನೆ ಎಂದು ಲೆಕ್ಕ ಹಾಕಿಕೊಂಡಿದ್ದೆ. ಅವಳು ಮೇಲೆ ಬಂದು ಮಡಿಲಿನಿಂದ ಹುರಿದ ಕಡಲೆಕಾಯಿ ತೆಗೆದು ನನ್ನ ಕೈಗೆ ಹಾಕುತ್ತಿದ್ದಳು. ತಿನ್ನುತ್ತಿದ್ದೆ.

ಕಳೆದ ವರ್ಷ ಅಕ್ಕನಿಗೆ ಹೊಟ್ಟೆಯ ಆಪರೇಷನ್ ಆಯಿತು. ಇನ್ನು ಕೆಲವು ತಿಂಗಳು ಇವಳು ಕೆರೆಗೆ ಇಳಿಯುವುದಿಲ್ಲ ಎಂದು ನನಗೆ ಮೊದಲು ಸಮಾಧಾನವಾಯಿತು. ಇಂಥವನು ನಾನು. ಆಪರೇಷನ್ ಆದವರಿಗೆ ಕೊರಮೀನಿನ ಸಾರು ಕೊಟ್ಟರೆ ಗಾಯ ಬೇಗ ಮಾಗುತ್ತದೆ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಭಾವ ಈಟಿ ತೆಗೆದರು. ಕೊರಮೀನು ಹಗಲಲ್ಲಿ ಕೈಗೆ ಸಿಗುವುದಲ್ಲ. ರಾತ್ರಿ ತೆಳುನೀರಿಗೆ ಬಂದು ಕೆಸರಿಗೆ ಹೊಟ್ಟೆ ತಾಗಿಸಿ ಮಲಗುತ್ತದೆ, ಬೆಳಕು ಬಿದ್ದರೆ ಅಲ್ಲಾಡುವುದಿಲ್ಲ.

ಇಬ್ಬರೇ ಇಳಿದೆವು. ಭಾವನ ಹಣೆಗೆ ಬ್ಯಾಟರಿ, ಸೊಂಟದಲ್ಲಿ ಮಚ್ಚು, ಕೈಯಲ್ಲಿ ಮೂರು ಮೊನೆಯ ಈಟಿ. ನನ್ನ ಕೈಯಲ್ಲಿ ಒದ್ದೆ ಗೋಣಿಚೀಲ. ಇದ್ದದ್ದು ಅದೊಂದೇ ಬೆಳಕು. ನಾನು ಬೇಕೆಂದೇ ಅವರನ್ನು ತೂಬಿನ ಕಡೆ ಎಳೆದುಕೊಂಡು ಹೋದೆ. ಅಲ್ಲಿ ಚೇಳುಮೀನು ಬಿಟ್ಟರೆ ಏನೂ ಕಾಣಲಿಲ್ಲ.

"ಇಲ್ಲೇನೂ ಇಲ್ಲ ಕಣೋ. ನಮ್ ಹೊಲದ ಕಡೆ ಹೋಗೋಣ ಬಾ" ಅಂದರು ಭಾವ.

"ಆ ಕಡೆ ಹಾವು ಜಾಸ್ತಿ ಭಾವ."

"ಹಾವಿಗೆ ಹೆದರೋನು ಮೀನು ತಿನ್ನಬಾರದು. ಬಾರೋ."

ನೀರು ಮೊಣಕಾಲಿಗೆ ಬಂತು, ತೊಡೆಗೆ ಬಂತು. ಭಾವ ಕಾಲಲ್ಲೇ ಬದ ಸವರಿ ಎಣಿಸುತ್ತಿದ್ದರು. "ಇದು ನಿನ್ ಬದ. ಇನ್ನು ಮುಂದೆ ನಮ್ದು." ಅವರ ದನಿಯಲ್ಲಿ ನೆಮ್ಮದಿಯಿತ್ತು. ಬೆಳಕು ಜಾಲಿಮೋಟಿನ ಮೇಲೆ ಬಿತ್ತು.

ಮೋಟಿನ ಬುಡದಲ್ಲೇ ಮೀನು ಮಲಗಿತ್ತು. ಮೊಳಕ್ಕಿಂತ ಉದ್ದ, ಬೆನ್ನು ಕಪ್ಪಗೆ. ಭಾವ ಉಸಿರು ಬಿಗಿಹಿಡಿದು ಈಟಿ ಎತ್ತಿದರು. ಹೊಡೆಯಲಿ, ಇಲ್ಲೇ ಸಿಗಲಿ, ಮನೆಗೆ ಹೋಗೋಣ ಎಂದು ಬೇಡಿಕೊಂಡೆ. ಮೀನು ಬಾಲ ಒಂದು ಸಲ ಆಡಿಸಿ ನಾಲ್ಕು ಮಾರು ಆಚೆ ಹೋಗಿ ಮತ್ತೆ ನಿಂತಿತು. ಭಾವ ಮೋಟು ದಾಟಿದರು.

"ಸಾಕು ಭಾವ, ಬ್ಯಾಟ್ರಿ ಮಂಕಾಗ್ತಿದೆ" ಅಂದೆ. ಅವರು ಸುಮ್ಮನಿರು ಎಂದು ಹಿಂದಕ್ಕೆ ಕೈ ಆಡಿಸಿದರು. ಒಂದು ಹೆಜ್ಜೆ. ಇನ್ನೊಂದು. ನಾನು ಎಣಿಸುತ್ತಿದ್ದೆ. ಐದು ಆಯಿತು, ಆರು ಆಯಿತು. ಈಗಲೂ ಹೇಳದೆ ಹೇಗಾದರೂ ತಪ್ಪಿಸಬಹುದಾ ಎಂದು ಮನಸ್ಸು ಹುಡುಕುತ್ತಲೇ ಇತ್ತು. ಏಳು.

"ನಿಲ್ಲು ಭಾವ. ಕಾಲಿಡಬೇಡ. ಮುಂದೆ ಗುಂಡಿ ಇದೆ."

ಎಂದೂ ಅವರನ್ನು ಏಕವಚನದಲ್ಲಿ ಕರೆದವನಲ್ಲ ನಾನು. ಅದಕ್ಕೇ ನಿಂತರೇನೋ. ಎತ್ತಿದ ಕಾಲು ಹಾಗೇ ಹಿಂದಕ್ಕೆ ತಂದರು. ಮೀನು ಹೋಯಿತು.

"ನನ್ ಹೊಲದಲ್ಲಿ ನನಗೆ ಗೊತ್ತಿಲ್ದಿರೋ ಗುಂಡಿ ಯಾವುದೋ?"

"ನಾನೇ ತೆಗೆಸಿದ್ದು. ಗೋಡಿಗೆ. ನೀವು ಮುಳಬಾಗಿಲಿನಲ್ಲಿದ್ದಾಗ."

ಅವರು ಈಟಿಯನ್ನು ತಿರುಗಿಸಿ ಹಿಡಿಯ ಕಡೆಯಿಂದ ಮುಂದಕ್ಕೆ ಇಳಿಸಿದರು. ಇಡೀ ಕೋಲು ಹೋಯಿತು, ತೋಳು ಹೋಯಿತು, ತಳ ಸಿಗಲಿಲ್ಲ. ಹೊರಗೆಳೆದು ಆ ಕೋಲನ್ನೇ ನೋಡುತ್ತ ನಿಂತರು. ಕೋಪ ಬಂದರೆ ಭಾವನಿಗೆ ತೆಲುಗು ಬರುತ್ತದೆ. ಆಗ ಬರಲಿಲ್ಲ, ಕನ್ನಡದಲ್ಲೇ ಮೆಲ್ಲಗೆ ಮಾತಾಡಿದರು. ನನಗೆ ಅದರಿಂದ ಇನ್ನೂ ಭಯವಾಯಿತು.

"ನೀನು ಇಲ್ಲೇ ನಿಂತ್ಕೋ. ಅಲ್ಲಾಡಬೇಡ. ಜಾಲಿಕೊಂಬೆ ಕಡಿದು ತರ್ತೀನಿ, ಸುತ್ತ ನೆಡಬೇಕು. ನೀನು ಸರಿದರೆ ಜಾಗ ತಪ್ಪಿಹೋಗುತ್ತೆ."

ಬೆಳಕು ಅವರ ಜೊತೆ ದಡಕ್ಕೆ ಹೋಯಿತು. ತೊಡೆಯುದ್ದ ನೀರಿನಲ್ಲಿ ನಾನು ಒಬ್ಬನೇ ನಿಂತೆ. ಕಾಲ್ಬೆರಳುಗಳ ಮುಂದೆ ಗುಂಡಿಯ ಅಂಚು ಇತ್ತು, ಮಣ್ಣು ಅಲ್ಲಿ ಮೆತ್ತಗಾಗಿ ಒಂದಿಷ್ಟಿಷ್ಟೇ ಕುಸಿಯುತ್ತಿತ್ತು. ಹಿಂದಕ್ಕೆ ಸರಿಯಲೂ ಧೈರ್ಯವಿಲ್ಲ, ಯಾವುದು ಹಿಂದೆ ಎಂಬುದೇ ಕತ್ತಲಲ್ಲಿ ಅನುಮಾನವಾಯಿತು. ಭಾವ ವಾಪಸ್ ಬರದಿದ್ದರೆ? ಬರಬೇಕೆಂದು ಎಲ್ಲಿದೆ? ಮಚ್ಚಿನ ಸದ್ದು ಕೇಳಿಸುತ್ತಿತ್ತು, ಒಮ್ಮೆ ನಿಂತುಹೋಯಿತು. ಬಾಯಿಬಿಟ್ಟು ಅತ್ತೆ.

ಬಂದರು. ಮುಳ್ಳಿನ ಹೊರೆ ಹೊತ್ತು ಬಂದು ಒಂದೊಂದೇ ಕೊಂಬೆ ನನ್ನ ಕೈಗೆ ಕೊಟ್ಟರು. ಗುಂಡಿಯ ಸುತ್ತಲೂ ನೆಟ್ಟೆವು. ಇಬ್ಬರ ಅಂಗೈಯೂ ರಕ್ತ.

ಮನೆಯಲ್ಲಿ ಅಕ್ಕ ಗೋಡೆಗೆ ಒರಗಿ ಎಚ್ಚರವಾಗಿಯೇ ಕೂತಿದ್ದಳು, ಹೊಟ್ಟೆಯ ಮೇಲೆ ಒಂದು ಕೈ. ಒಲೆಯ ಪಕ್ಕ ಮಸಾಲೆ ಅರೆದಿಟ್ಟಿದ್ದಳು.

"ಸಿಗಲಿಲ್ವಾ?"

"ನಿನ್ ತಮ್ಮನ್ನ ಕೇಳು" ಎಂದು ಭಾವ ಬಚ್ಚಲಿಗೆ ಹೋದರು.

ಹೇಳಿದೆ. ಒಂದೂ ಬಿಡದೆ ಹೇಳಿದೆ. ಅವಳು ನೆಲ ನೋಡುತ್ತಾ ಕೇಳಿದಳು.

"ಮೋಟಿನಿಂದ ಎಷ್ಟು ದೂರ?"

"ಎಂಟು ಹೆಜ್ಜೆ."

"ಎಮ್ಮೆ ಒಂದಿನ ಮೋಟಿನಿಂದ ಆಚೆಗೆ ನನ್ನ ಎಳ್ಕೊಂಡು ಹೋಗಿತ್ತು. ಅವತ್ತು ನೀನು ಬಂದಿರಲಿಲ್ಲ" ಅಂದಳು. "ದಿನಾ ಸಂಜೆ ಕಟ್ಟೆ ಮೇಲೆ ಬಂದು ನಿಂತ್ಕೋತಿದ್ದೆಯಲ್ಲ, ನನ್ ತಮ್ಮ ನನ್ನ ನೋಡೋಕೆ ಬರ್ತಾನೆ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗಿದ್ದೆ ಕಣೋ."

"ನಿನ್ನ ನೋಡೋಕೇ ಬರ್ತಿದ್ದೆ ಅಕ್ಕ."

"ಹೂಂ. ನೋಡ್ತಾ ನಿಂತಿದ್ದೋನು ಒಂದು ಸಲ ಕೂಗಬಾರದಾಗಿತ್ತಾ?"